ಎಲ್ಲವೂ ಮಿಸ್ಟೀರಿಯಸ್ ಅಲ್ಲ, ಪುಟ್ಟಿ

ಎಡಿನ್‌ಬರೋ
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಇಂಗ್ಲಿಷ್ ಕಥೆ ಓದಿದೆ. ಗೇಟಿನ ಹತ್ತಿರ ನಿಂತ ಆ ಅಪರಿಚಿತ ಬಾಯಿ ತೆರೆದಾಗ ಸತ್ತುಹೋದ ತಾತನ ದನಿ ಬರುತ್ತದಲ್ಲ, ಅಲ್ಲಿ ಮೈ ಜುಮ್ಮೆಂದಿತು. ಆದರೆ ಮನೆ ಮಿಸ್ಟೀರಿಯಸ್, ಮಂಜು ಮಿಸ್ಟೀರಿಯಸ್, ದನಿ ಮಿಸ್ಟೀರಿಯಸ್, ಕೊನೆಗೆ ಬೆಕ್ಕೂ ಮಿಸ್ಟೀರಿಯಸ್! ಬೆಕ್ಕಿಗೆ ಯಾವ ಪದವೂ ಬೇಡ. ಸುಮ್ನೆ ಕೂತಿರಲಿ ಬಿಡು. ನಡುವೆ ಒಂದೆರಡು ಕಡೆ ಮಿಸ್ಟಿಕಲ್ ಅಂತ ಬದಲಾಯಿಸಿದ್ದೀಯ, ಅದು ಇನ್ನೂ ತೊಂದರೆ.

ಎರಡಕ್ಕೂ ಬೇರು ಒಂದೇ. ಕಣ್ಣೋ ಬಾಯೋ ಮುಚ್ಚಿಕೊಳ್ಳುವುದಕ್ಕೆ ಗ್ರೀಕರು ಹೇಳುತ್ತಿದ್ದ ಮಾತಿನಿಂದ ಬಂದವು. ಅಥೆನ್ಸ್ ಹತ್ತಿರದ ಎಲ್ಯೂಸಿಸ್‌ನಲ್ಲಿ ಒಂದು ಗುಟ್ಟಿನ ಆಚರಣೆಗೆ ದೀಕ್ಷೆ ಪಡೆದವರು ಒಳಗೆ ಕಂಡದ್ದನ್ನು ಹೊರಗೆ ಹೇಳುವಂತಿರಲಿಲ್ಲ. ನೂರಾರು ವರ್ಷ ನಡೆದ ಆಚರಣೆ, ಎಷ್ಟೋ ಜನ ಹೋಗಿ ಬಂದರು. ಆದರೂ ಅಲ್ಲಿ ಏನು ತೋರಿಸುತ್ತಿದ್ದರು ಎಂದು ಇವತ್ತಿಗೂ ಯಾರಿಗೂ ಪೂರ್ತಿ ಗೊತ್ತಿಲ್ಲ. (ನಮ್ಮ ಮನೆಯಲ್ಲಿ ಒಂದು ಗುಟ್ಟು ಸಂಜೆವರೆಗೆ ನಿಲ್ಲುವುದಿಲ್ಲ!) ಈಗ ಎರಡೂ ಪದಗಳ ದಾರಿ ಬೇರೆಯಾಗಿದೆ. ಮಿಸ್ಟೀರಿಯಸ್ ಅಂದರೆ ಇನ್ನೂ ಬಗೆಹರಿಯದ್ದು. ಒಳ್ಳೆಯ ಪತ್ತೇದಾರ ಬಂದರೆ ಬಗೆಹರಿದೀತು. ಮಿಸ್ಟಿಕಲ್ ಅನುಭಾವದ ಕಡೆಯದು, ಅಲ್ಲಿ ಪತ್ತೇದಾರನಿಗೆ ಕೆಲಸವಿಲ್ಲ. ಗೇಟಿನ ಮನುಷ್ಯನನ್ನು ಮಿಸ್ಟಿಕಲ್ ಎಂದರೆ ಯಾರೋ ಸಂತ ಬಂದಿದ್ದಾನೆ ಅಂದುಕೊಳ್ಳುತ್ತಾರೆ.

ನಿನ್ನ ಮಂಜಿಗೆ ಬೇಕಾದ ಪದ ಈರಿ. ಇದು ಈ ಕಡೆಯ, ಅಂದರೆ ಸ್ಕಾಟ್ಲೆಂಡಿನ, ಸ್ಕಾಟ್ಸ್ ಮಾತಿನಿಂದಲೇ ಇಂಗ್ಲಿಷಿಗೆ ಹಬ್ಬಿದ್ದು. ಇಲ್ಲಿ ಬೇಸಿಗೆ ಶುರುವಿನಲ್ಲಿ ಉತ್ತರ ಸಮುದ್ರದಿಂದ ಮಂಜು ನುಗ್ಗುತ್ತದೆ, ಜನ ಅದನ್ನು ಹಾರ್ ಅನ್ನುತ್ತಾರೆ. ಈಗಷ್ಟೇ ಬಿಸಿಲಿದ್ದ ಬೀದಿಯಲ್ಲಿ ಎದುರು ಮನೆ ಕಾಣುವುದಿಲ್ಲ. ಹೆಜ್ಜೆ ಸದ್ದು ಕೇಳುತ್ತದೆ, ಯಾರದೆಂದು ತಿಳಿಯುವುದಿಲ್ಲ. ಅದು ಈರಿ. ಜಾಗಕ್ಕೆ, ಬೆಳಕಿಗೆ, ಮೌನಕ್ಕೆ ಚೆನ್ನಾಗಿ ಹೊಂದುತ್ತದೆ. ಮೊದಲು ಹೆದರಿದ ಮನುಷ್ಯನನ್ನೇ ಈರಿ ಅನ್ನುತ್ತಿದ್ದರು. ಆಮೇಲೆ ಪದ ಅವನನ್ನು ಬಿಟ್ಟು ಅವನನ್ನು ಹೆದರಿಸಿದ ಜಾಗಕ್ಕೆ ಹೋಯಿತು. ಸ್ಪೂಕಿ ಮಾತ್ರ ಬೇಡ. ಅದು ಹ್ಯಾಲೋವೀನ್ ದಿನ ಮಕ್ಕಳು ವೇಷ ಹಾಕಿ ಹೆದರಿಸುವ ಹೆದರಿಕೆ.

ತಾತನ ದನಿ ಈರಿ ಅಲ್ಲ. ಅದು ಅನ್‌ಕ್ಯಾನಿ. ಇದೂ ಸ್ಕಾಟ್ಸ್ ಮಾತೇ. ಕ್ಯಾನಿ ಅಂದರೆ ಜಾಣ, ಹುಷಾರಿ ಅಂತ ಇಲ್ಲಿ ಈಗಲೂ ಹೇಳುತ್ತಾರೆ. ಗೊತ್ತಿಲ್ಲದ್ದು ಎದುರಾದರೆ ಹೆದರುವುದು ಸಹಜ. ಅನ್‌ಕ್ಯಾನಿಯಲ್ಲಿ ಹೆದರಿಸುವುದು ಚೆನ್ನಾಗಿ ಗೊತ್ತಿರುವುದೇ. ಆದರೆ ಎಲ್ಲೋ ಒಂದು ಕೂದಲೆಳೆ ತಪ್ಪಿರುತ್ತದೆ. 1919ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಈ ಭಾವನೆಯ ಬಗ್ಗೆಯೇ ಒಂದು ದೊಡ್ಡ ಪ್ರಬಂಧ ಬರೆದ. 1970ರಲ್ಲಿ ಜಪಾನಿನ ಮಸಾಹಿರೊ ಮೋರಿ ಇದನ್ನೇ ರೋಬೋಟ್‌ಗಳ ವಿಷಯದಲ್ಲಿ ಹೇಳಿದರು. ರೋಬೋಟ್ ಮನುಷ್ಯನಂತೆ ಕಂಡಷ್ಟೂ ನಮಗೆ ಇಷ್ಟವಾಗುತ್ತದೆ, ಆದರೆ ತೀರಾ ಹತ್ತಿರ ಬಂದು ಸ್ವಲ್ಪದರಲ್ಲಿ ತಪ್ಪಿದರೆ ಥಟ್ಟನೆ ಅಸಹ್ಯವಾಗುತ್ತದೆ ಅಂತ. ನಿನ್ನ ಕಥೆಯ ಜೀವ ಇರುವುದು ಇಲ್ಲೇ. ಹಾಗಾಗಿ ಆ ಪುಟದಲ್ಲಿ ಪದವನ್ನೇ ಹಾಕಬೇಡ ಅನ್ನುತ್ತೇನೆ. ತಾತ ಮಾತಿನ ನಡುವೆ ಕೆಮ್ಮುತ್ತಿದ್ದ ರೀತಿಯನ್ನು ಬರೆ, ಸಾಕು.

ವಿಯರ್ಡ್ ಬಗ್ಗೆ ನೀನು ಕೇಳಿದ್ದೆ. ಹಳೆಯ ಇಂಗ್ಲಿಷಿನಲ್ಲಿ ಅದು ಹಣೆಬರಹ. ಮ್ಯಾಕ್‌ಬೆತ್ ನಾಟಕದ ಮೂವರು ವಿಯರ್ಡ್ ಅಕ್ಕತಂಗಿಯರು ವಿಚಿತ್ರದವರು ಅಂತಲ್ಲ, ವಿಧಿ ತಿಳಿದವರು ಅಂತ. ಈಗ ಬಸ್ ಟೈಮಿಗೆ ಸರಿಯಾಗಿ ಬಂದರೂ ಜನ ವಿಯರ್ಡ್ ಅನ್ನುತ್ತಾರೆ. ಸವೆದುಹೋದ ಪದ, ಬಿಟ್ಟುಬಿಡು.

ನಿನಗೆ ಖುಷಿ ಕೊಡುವುದು ಇನ್ನೊಂದಿದೆ. ನೀನು ಬೈಯುವ ಗ್ರಾಮರ್ ಇದೆಯಲ್ಲ, ಗ್ಲಾಮರ್ ಹುಟ್ಟಿದ್ದು ಅದರಿಂದಲೇ! ಓದು ಬಲ್ಲವರು ಮಾಟವನ್ನೂ ಬಲ್ಲರು ಅಂತ ಹಿಂದೆ ಜನ ನಂಬಿದ್ದರು. ಸ್ಕಾಟ್ಸ್ ನಾಲಿಗೆಯಲ್ಲಿ ರಕಾರ ಲಕಾರವಾಯಿತು, ಅರ್ಥ ಕಣ್ಕಟ್ಟು ಎಂದಾಯಿತು. ಅದನ್ನು ಇಂಗ್ಲಿಷ್ ಓದುಗರ ತನಕ ಮುಟ್ಟಿಸಿದವರಲ್ಲಿ ಇದೇ ಊರಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಖ್ಯ. ಸಿನಿಮಾದವರ ಕೈಗೆ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ.

ಕೊನೆಯ ಪುಟದಲ್ಲಿ ಹುಡುಗಿ ಬೆಟ್ಟದ ಮೇಲೆ ಒಬ್ಬಳೇ ನಿಂತು ನಕ್ಷತ್ರ ನೋಡುವಾಗ ಹೆದರಿಕೆಯೂ ಆಗುತ್ತದೆ, ಬಿಟ್ಟು ಬರಲೂ ಮನಸ್ಸಾಗುವುದಿಲ್ಲ. ಅದಕ್ಕೆ ನ್ಯೂಮಿನಸ್ ಅನ್ನುತ್ತಾರೆ. 1917ರಲ್ಲಿ ರುಡಾಲ್ಫ್ ಒಟ್ಟೋ ಎಂಬ ಜರ್ಮನ್ ಪಂಡಿತ ದೇವರ ಮುಂದೆ ಆಗುವ ಭಾವನೆಗೆ ಇದನ್ನು ಬಳಸಿದ ಮೇಲೆ ಹೆಸರಾಯಿತು. ಆದರೆ ಪುಸ್ತಕದ ಪದ. ನಿನ್ನ ಹುಡುಗಿಯ ಬಾಯಲ್ಲಿ ಹಾಕಬೇಡ, ನಗುತ್ತಾರೆ.

ಅಂದಹಾಗೆ ಅಮ್ಮನಿಗೆ ಹೇಳು. ಅಪ್ಪನ ಲ್ಯಾಬ್ ರಿಪೋರ್ಟಿನಲ್ಲಿ ಅಕಲ್ಟ್ ಬ್ಲಡ್ ಅಂತ ಇದ್ದದ್ದಕ್ಕೂ ಮಾಟಕ್ಕೂ ಸಂಬಂಧವಿಲ್ಲ. ಮಾಟಮಂತ್ರಕ್ಕೂ ಇದೇ ಪದ ಬಳಸುತ್ತಾರೆ ನಿಜ, ಆದರೆ ಇಲ್ಲಿ ಅಕಲ್ಟ್ ಅಂದರೆ ಮರೆಯಾಗಿರುವುದು ಅಷ್ಟೇ. ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದೆಯೇ ಅಂತ ನೋಡುವ ಪರೀಕ್ಷೆ ಅದು. ಚಂದ್ರ ಒಂದು ನಕ್ಷತ್ರವನ್ನು ಮರೆಮಾಡಿದರೂ ವಿಜ್ಞಾನಿಗಳು ಅಕಲ್ಟೇಷನ್ ಅನ್ನುತ್ತಾರೆ. ಅಪ್ಪನದು ನೆಗೆಟಿವ್ ಬಂದಿದೆ ತಾನೇ? ಆದರೂ ಡಾಕ್ಟರ್ ಕರೆದ ದಿನ ತಪ್ಪದೆ ಹೋಗಿಬರಲಿ. ಕಥೆ ತಿದ್ದಿ ಕಳಿಸು, ಶನಿವಾರ ಫೋನ್ ಮಾಡುತ್ತೇನೆ.

ನಿನ್ನ ಅಕ್ಕ