ಚಿತ್ರದುರ್ಗದ ಬಿಡಿಭಾಗದ ಅಂಗಡಿಯವರಿಗೆ ಧನ್ಯವಾದ

ಏಪ್ರಿಲ್‌ನ ಉರಿಬಿಸಿಲಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದಾಗ, ಫ್ಯಾನನ್ನು ಎಷ್ಟು ಜೋರು ಮಾಡಿದರೂ ಕಾರಿನ ಏಸಿಯಿಂದ ಸದ್ದು ಬರುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ. ಉಬ್ಬಸವಿರುವ ನನ್ನ ತಾಯಿಯವರಿಗೆ ಧೂಳಿನ ಕಮಟು ವಾಸನೆಯಿಂದ ಕೆಮ್ಮು ಹತ್ತಿತ್ತು. ದಾರಿಯ ಗ್ಯಾರೇಜೊಂದರಲ್ಲಿ ಗ್ಯಾಸ್ ತುಂಬಿಸಬೇಕೆಂದು ದೊಡ್ಡ ಮೊತ್ತವನ್ನೇ ಹೇಳಿದ್ದರು. ಚಿತ್ರದುರ್ಗದ ಅಂಗಡಿಯಲ್ಲಿದ್ದ ತಾವು ಮಾತ್ರ ಕೈಯೊಡ್ಡಿ ನೋಡಿ, ಬರುವಷ್ಟು ಗಾಳಿ ತಣ್ಣಗೇ ಇದೆ, ಹಾಗಾಗಿ ಇದು ಗ್ಯಾಸಿನ ತೊಂದರೆಯಲ್ಲ ಎಂದಿರಿ.

ಮೊದಲು ತಾಯಿಯವರಿಗೆ ನೆರಳಿನಲ್ಲಿ ಕುರ್ಚಿ ಹಾಕಿಸಿ, ಬಳಿಕ ಗ್ಲೋವ್ ಬಾಕ್ಸಿನಲ್ಲಿದ್ದ ಆರ್‌ಸಿ, ವಿಮೆಯ ಕಾಗದಗಳನ್ನು ಜೋಪಾನವಾಗಿ ನನ್ನ ಕೈಗಿತ್ತು, ಆ ಬಾಕ್ಸಿನ ಎರಡೂ ಪಕ್ಕಗಳನ್ನು ಒಳಕ್ಕೆ ಒತ್ತಿ ಕೆಳಗಿಳಿಸಿದಿರಿ. ಹಿಂದಿದ್ದ ಮುಚ್ಚಳ ತೆಗೆದು ಹೊರಗೆಳೆದ, ಕಾರಿನೊಳಕ್ಕೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರಿನ ಮಡಿಕೆಗಳಲ್ಲಿ ಒಣ ಎಲೆ, ಬೇವಿನ ಹೂ, ಕೆಂಪು ಮಣ್ಣು ಒತ್ತಾಗಿ ಕೂತಿದ್ದವು. ಗಾಳಿಯಾದರೂ ಎಲ್ಲಿಂದ ಬರಬೇಕು! ಗೂಡನ್ನು ಬಟ್ಟೆಯಿಂದ ಒರೆಸಿ, ಹೊಸ ಫಿಲ್ಟರಿನ ಅಂಚಿನ ಬಾಣ ಗಾಳಿ ಹರಿಯುವ ದಿಕ್ಕಿಗೇ ಇರಬೇಕೆಂದು ನನಗೂ ತೋರಿಸಿ ಕೂರಿಸಿದಿರಿ.

ಫಿಲ್ಟರಿನ ಬೆಲೆಯ ಹೊರತು ಕೂಲಿಯೆಂದು ಏನನ್ನೂ ತೆಗೆದುಕೊಳ್ಳಲಿಲ್ಲ. ಹಿರಿಯೂರು ತಲುಪುವಷ್ಟರಲ್ಲಿ ಕೆಮ್ಮು ತಗ್ಗಿತ್ತು. ಗಿರಾಕಿಗಳ ಗದ್ದಲದಲ್ಲಿ ತಮ್ಮ ಹೆಸರು ಕೇಳಲಾಗದ ಕಾರಣ, ನಮ್ಮಿಬ್ಬರ ಕೃತಜ್ಞತೆಯನ್ನು ಇಲ್ಲಿಯೇ ತಿಳಿಸುತ್ತಿದ್ದೇನೆ.