ಬೇರೆಯವರ ಕಾವ್ಯ ಮುಗಿಸಿಕೊಟ್ಟವನು

ಪ್ರೀತಿಯ ತಮ್ಮಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. "ಹಗಲೆಲ್ಲ ನಿಘಂಟಿನ ಕೆಲಸ, ರಾತ್ರಿ ಯಾರದೋ ಪುಸ್ತಕದ ಕರಡು ತಿದ್ದೋದು. ನನ್ನದು ಅಂತ ಬರೆಯೋದು ಯಾವಾಗ?" ಎಂದು ಕೇಳಿದ್ದೀಯ. ಓದಿದ ತಕ್ಷಣ ನೆನಪಾದವನು ಕ್ರೊಯೇಷಿಯಾದ ಇವಾನ್ ಮಝುರಾನಿಚ್. ಹೆಸರು ಕೇಳಿರಲಿಕ್ಕಿಲ್ಲ. ನಾನೂ ಅವನ ಕಾವ್ಯವನ್ನು ಇಂಗ್ಲಿಷ್‌ನಲ್ಲೇ ಓದಿದವನು.

ಹುಟ್ಟಿದ್ದು 1814ರಲ್ಲಿ, ಸಮುದ್ರದ ದಡದ ನೋವಿ ವಿನೊದೋಲ್ಸ್ಕಿ ಎಂಬ ಊರಿನಲ್ಲಿ. ದ್ರಾಕ್ಷಿ ಬೆಳೆಯುವ ರೈತರ ಮನೆ. ಓದಿದ್ದು ಕಾನೂನು. ಕಾರ್ಲೊವಾಟ್ಸ್ ಪಟ್ಟಣದಲ್ಲಿ ವಕೀಲನಾಗಿದ್ದ. ಆಗ ಕ್ರೊಯೇಷಿಯಾ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. ಆಡಳಿತದ ಭಾಷೆ ಲ್ಯಾಟಿನ್, ಓದಿದವರ ಮಾತು ಬಹುಪಾಲು ಜರ್ಮನ್. ಮನೆಮಾತಿಗೆ ಅಡುಗೆಮನೆ, ಹೊಲ, ಸಂತೆ ಅಷ್ಟೇ ಜಾಗ. ಅದನ್ನು ಮೇಲೆತ್ತಬೇಕು ಎಂದು ಹೊರಟ ಹುಡುಗರಲ್ಲಿ ಇವನೂ ಒಬ್ಬ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಇವನು ಮೊದಲು ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ನಿಘಂಟು! ಯಾಕೊವ್ ಉಝಾರೆವಿಚ್ ಎಂಬುವನ ಜೊತೆ ಸೇರಿ 1842ರಲ್ಲಿ ಜರ್ಮನ್ ಪದಗಳಿಗೆ ತಮ್ಮ ಭಾಷೆಯ ಪದ ಕೊಡುವ ದಪ್ಪ ಪುಸ್ತಕ ತಂದ. ಪದ ಇಲ್ಲದ ಕಡೆ ಕಟ್ಟಬೇಕಾಯಿತು. ಅವರು ಐಸ್‌ಕ್ರೀಮಿಗೆ ಇಂದಿಗೂ 'ಸ್ಲಾಡೊಲೆಡ್' ಎನ್ನುತ್ತಾರೆ, ಅಂದರೆ ಸಿಹಿ ಮಂಜುಗಡ್ಡೆ. ಅದೂ ಇವನೇ ಕಟ್ಟಿದ ಪದ ಎಂಬ ಮಾತಿದೆ.

ಎರಡನೆಯ ಕೆಲಸ ಇನ್ನೂ ಮಜವಾದದ್ದು. ಡುಬ್ರೊವ್ನಿಕ್‌ನ ಹಳೆಯ ಕವಿ ಗುಂಡುಲಿಚ್ 1638ರಲ್ಲಿ ತೀರಿಕೊಂಡಾಗ ಅವನ 'ಓಸ್ಮಾನ್' ಕಾವ್ಯದಲ್ಲಿ 14 ಮತ್ತು 15ನೇ ಸರ್ಗಗಳೇ ಇರಲಿಲ್ಲ. ಇನ್ನೂರು ವರ್ಷ ಆದಮೇಲೆ ಆ ತೂತು ಮುಚ್ಚಲು ಕರೆದದ್ದು ಈ ವಕೀಲನನ್ನು. ಸುಮ್ನೆ ಯೋಚಿಸಿ ನೋಡು. ಸತ್ತವನ ಉಸಿರು ಹಿಡಿಯಬೇಕು, ಅವನ ಎಂಟು ಅಕ್ಷರದ ಸಾಲು ತಪ್ಪಬಾರದು, ಎಲ್ಲೂ ತನ್ನ ಹೊಲಿಗೆ ಕಾಣಬಾರದು. ಅವನಿಗಿಂತ ಮುಂಚೆ ಬೇರೆಯವರೂ ಪ್ರಯತ್ನಪಟ್ಟಿದ್ದರು. 1844ರಲ್ಲಿ ಅಚ್ಚಾದ ಇವನ ಎರಡು ಸರ್ಗಗಳೇ ಉಳಿದುಕೊಂಡವು. ಕೊನೆಗೆ ಕಷ್ಟಪದಗಳ ಪಟ್ಟಿಯನ್ನೂ ಅಣ್ಣ ಆಂಟೂನ್ ಜೊತೆ ಕೂತು ಮಾಡಿಕೊಟ್ಟ. ನಿನ್ನ ಕರಡು ತಿದ್ದುವ ಕೆಲಸಕ್ಕಿಂತ ಇದೇನು ಮೇಲಲ್ಲ, ಅಲ್ವಾ?

ಎರಡೇ ವರ್ಷಕ್ಕೆ, 1846ರಲ್ಲಿ, ಅವನ ಸ್ವಂತ ಕಾವ್ಯ 'ಸ್ಮಾಯಿಲ್ ಆಗಾ ಚೆಂಗಿಚ್‌ನ ಸಾವು' ಬಂತು. ಸಾವಿರದ ನೂರು ಚಿಲ್ಲರೆ ಸಾಲು, ಐದು ಭಾಗ. ಮಾಂಟೆನೆಗ್ರೊ ಗಡಿಯಲ್ಲಿ 1840ರಲ್ಲಿ ಕೊಲೆಯಾದ, ಟರ್ಕಿ ಸಾಮ್ರಾಜ್ಯದ ಒಬ್ಬ ಅಧಿಕಾರಿಯ ಕಥೆ. 'ಆಗಾ' ಎಂಬುದು ಅವನ ಪದವಿ. ಮಝುರಾನಿಚ್ ಆ ನೆಲವನ್ನು ನೋಡಿದವನೇ ಅಲ್ಲ. ಆದರೂ ಅದರ ಮಳೆ, ಕತ್ತಲೆ, ಬಂಡೆ ನಮ್ಮ ಮೈಗೆ ತಾಗುತ್ತವೆ. ಹೇಗೆ? ಸಾಲುಗಳನ್ನು ಗಮನಿಸು. ಕೆಲವು ಎಂಟು ಅಕ್ಷರದವು, ಗುಂಡುಲಿಚ್‌ನಿಂದ ಬಂದವು. ಕೆಲವು ಹತ್ತು ಅಕ್ಷರದವು, ಗುಸ್ಲೆ ಎಂಬ ತಂತಿವಾದ್ಯವನ್ನು ಕಮಾನಿನಿಂದ ನುಡಿಸುತ್ತಾ ಹಾಡುವವರಿಂದ ಬಂದವು. ಬೇರೆಯವರ ಕೆಲಸ ಮಾಡುತ್ತಾ ಕೈಗೆ ಹತ್ತಿದ್ದೇ ಇಲ್ಲಿ ದುಡಿದಿದೆ.

ಕಥೆ ಹೇಳುವ ರೀತಿಯನ್ನೂ ನೋಡು. ಆಗಾ ಮೊದಲಿಗೇ ಸೆರೆಯಾಳುಗಳನ್ನು ಕೊಲ್ಲಿಸುತ್ತಾನೆ. ಅವರು ಚಕಾರ ಎತ್ತದೆ ಸಾಯುತ್ತಾರೆ. ಹೆದರಿಕೆ ಹುಟ್ಟುವುದು ಕೊಂದವನ ಒಳಗೆ. ಕೊನೆಯಲ್ಲಂತೂ ಬೆಟ್ಟದ ಬುಡದ ಗುಡಿಸಲಿನಲ್ಲಿ ಮುಸ್ಲಿಮನಾಗಿದ್ದ ಅದೇ ಆಗಾನ ಬೊಂಬೆ ಇದೆ, ಕೈಮುಗಿದು ಶಿಲುಬೆ ಗುರುತು ಮಾಡುತ್ತದೆ. ಇಷ್ಟು ಕ್ರೂರವಾದ ನಗು ನನಗೆ ಪೂರ್ತಿ ಇಷ್ಟವಾಗಲಿಲ್ಲ. ಧರ್ಮದ ಗೆಲುವು ಎಂದು ಎದೆ ತಟ್ಟಿಕೊಳ್ಳುವುದು ಜಾಸ್ತಿಯಾಯಿತೇನೋ. ಆದರೆ ಮರೆಯೋಕೂ ಆಗಲಿಲ್ಲ.

ಆಮೇಲೆ? ಆಮೇಲೆ ಅವನು ಅಂಥದ್ದನ್ನು ಬರೆಯಲೇ ಇಲ್ಲ. ವಿಯೆನ್ನಾದಲ್ಲಿ ಕ್ರೊಯೇಷಿಯಾದ ಚಾನ್ಸಲರ್ ಆದ. 1873ರಲ್ಲಿ ಬಾನ್, ಅಂದರೆ ನಾಡಿನ ಆಡಳಿತದ ಮುಖ್ಯಸ್ಥ, ಆದ. ಪಾಳೆಯಗಾರರ ವಂಶದವನಲ್ಲದ ಮೊದಲ ಬಾನ್ ಅವನೇ. 1874ರಲ್ಲಿ ಶಾಲಾ ಕಾನೂನು ತಂದ, ಅದೇ ವರ್ಷ ಜಾಗ್ರೆಬ್ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ನ್ಯಾಯಾಲಯವನ್ನು ಆಡಳಿತದಿಂದ ಬೇರೆ ಮಾಡಿದ. 1880ರಲ್ಲಿ ಕುರ್ಚಿ ಬಿಟ್ಟ, 1890ರಲ್ಲಿ ತೀರಿಕೊಂಡ. ಅಧಿಕಾರ ಕವಿಯನ್ನು ನುಂಗಿತು ಎಂದು ಮರುಗುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೇಳಬೇಕಾದ್ದು ಮುಗಿದಿತ್ತೇನೋ. ಕಾವ್ಯದಲ್ಲಿ ಕೇಳಿದ ನ್ಯಾಯವನ್ನು ಕಾನೂನಿನಲ್ಲಿ ಬರೆಯಲು ಕೂತ ಎಂದುಕೊಂಡರೂ ತಪ್ಪಿಲ್ಲ.

ನೀನು ಮಾತ್ರ ಇದನ್ನು ನೆಪ ಮಾಡಿಕೊಂಡು ಬರೆಯೋದು ಬಿಡಬೇಡ. ಅವನು ಬಿಟ್ಟದ್ದು ಬರೆದ ಮೇಲೆ.

ನಿಘಂಟಿನಲ್ಲಿ ಈಗ ಯಾವ ಅಕ್ಷರಕ್ಕೆ ಬಂದಿದ್ದೀಯ? ಈ ವಾರ ಸಿಕ್ಕ ಒಂದು ಒಳ್ಳೆಯ ಪದವನ್ನು ಮುಂದಿನ ಕಾಗದದಲ್ಲಿ ಬರೆದು ಕಳಿಸು.

ಇಂತಿ ನಿನ್ನ
ಅಣ್ಣ