ಭಾನುವಾರದ ಚರ್ಚೆ: ವಿಕ್ಟೋರಿಯಾ ವುಡ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಆನ್‌ಲೈನ್‌ನಲ್ಲಿ ಬ್ರಿಟನ್ನಿನ ಹಾಸ್ಯನಟಿ, ಬರಹಗಾರ್ತಿ ವಿಕ್ಟೋರಿಯಾ ವುಡ್ ಬಗ್ಗೆ ಮಾತಾಡೋಣ. ಜನನ 1953, ಲಂಕಾಷೈರ್‌ನಲ್ಲಿ. 1974ರಲ್ಲಿ 'ನ್ಯೂ ಫೇಸಸ್' ಎಂಬ ಟಿವಿ ಸ್ಪರ್ಧೆಯಿಂದ ಜನರ ಕಣ್ಣಿಗೆ ಬಿದ್ದರು.

ನಾಟಕ ಬರೆಯುವ ನಾವು ಮುಖ್ಯವಾಗಿ ನೋಡಬೇಕಾದದ್ದು 'ಡಿನ್ನರ್‌ಲೇಡೀಸ್' (1998–2000) ಎಂಬ ಟಿವಿ ಹಾಸ್ಯ ಧಾರಾವಾಹಿ. ಮ್ಯಾಂಚೆಸ್ಟರ್‌ನ ಕಾರ್ಖಾನೆಯೊಂದರ ಕ್ಯಾಂಟೀನು, ಅಲ್ಲಿ ಕೆಲಸ ಮಾಡುವ ಹೆಂಗಸರು, ಅವರ ಮಾತು. ಕಥೆ ಆ ಅಡುಗೆಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ ಎನ್ನಬಹುದು. 16 ಕಂತುಗಳನ್ನೂ ಅವರೇ ಬರೆದರು, ಮುಖ್ಯ ಪಾತ್ರವನ್ನೂ ಮಾಡಿದರು. ಆದರೂ ಹೆಚ್ಚು ನಗಿಸುವ ಮಾತುಗಳನ್ನು ಜೂಲಿ ವಾಲ್ಟರ್ಸ್‌ರಂಥ ಸಹನಟಿಯರಿಗೇ ಕೊಟ್ಟರು. ಬರಹಗಾರರಿಗೆ ಇಂಥ ದೊಡ್ಡ ಮನಸ್ಸು ಅಪರೂಪ, ನನಗಂತೂ ಅವರ ಮೇಲಿನ ಗೌರವಕ್ಕೆ ಅದೇ ಮೊದಲ ಕಾರಣ.

ಯುದ್ಧಕಾಲದ ಗೃಹಿಣಿಯೊಬ್ಬಳ ದಿನಚರಿ ಆಧರಿಸಿದ 'ಹೌಸ್‌ವೈಫ್, 49' (2006) ಗಂಭೀರ ಚಿತ್ರ. ಅದರ ಅಭಿನಯಕ್ಕೆ ಬಾಫ್ಟಾ ಪ್ರಶಸ್ತಿಯೂ ಬಂತು. 2016ರಲ್ಲಿ, 62ನೇ ವಯಸ್ಸಿಗೇ ತೀರಿಕೊಂಡರು.

'ಡಿನ್ನರ್‌ಲೇಡೀಸ್'ನ ಒಂದು ಕಂತನ್ನಾದರೂ ನೋಡಿಕೊಂಡು ಬನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.